ಐವತ್ತರ ಹಿಮ್ಮಡಿ

ಬೆಳಗ್ಗೆ ಆರೂವರೆಗೆ ಯಾವ ಊರಿನ ಶಟಲ್ ಕೋರ್ಟಿಗೆ ಹೋದರೂ ಅದೇ ಮಂದಿ ಸಿಗುತ್ತಾರೆ. ಬ್ಯಾಂಕಿನವರು, ಮೇಷ್ಟ್ರು, ಕಂಟ್ರಾಕ್ಟರು, ಸಾಫ್ಟ್‌ವೇರಿನವರು, ಎಲ್ಲರೂ ಒಂದು ಗಂಟೆಯ ಮಟ್ಟಿಗೆ ಮತ್ತೆ ಕಾಲೇಜು ಹುಡುಗರು. ಅಲ್ಲಿ ಆಗಾಗ ನಡೆಯುವ ಒಂದು ಅಪಘಾತದ ಲಕ್ಷಣ ವಿಚಿತ್ರವಾಗಿದೆ. ನೆಟ್ಟಿನ ಹತ್ತಿರ ಬಿದ್ದ ಡ್ರಾಪ್ ಎತ್ತಲು ಮುಂದಕ್ಕೆ ನುಗ್ಗಿದವನಿಗೆ ಹಿಂದಿನಿಂದ ಯಾರೋ ಹಿಮ್ಮಡಿಗೆ ಒದ್ದ ಹಾಗಾಗುತ್ತದೆ. ಪಟ್ಟೆಂದು ಸದ್ದೂ ಆಗುತ್ತದೆ. ಎಷ್ಟೋ ಸಲ ಪಕ್ಕದ ಕೋರ್ಟಿನವರಿಗೂ ಕೇಳಿಸುತ್ತದೆ. ಸಿಟ್ಟಿನಿಂದ ತಿರುಗಿ ನೋಡಿದರೆ ಜೊತೆಗಾರ ಮೂರು ಮಾರು ಆಚೆ ನಿಂತಿರುತ್ತಾನೆ, ಒದ್ದವರು ಯಾರೂ ಇರುವುದಿಲ್ಲ. ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಬಿಗಿದಿರುವ ಅಕಿಲಿಸ್ ಟೆಂಡನ್, ಮೈಯಲ್ಲೆಲ್ಲ ಅತಿ ದಪ್ಪನೆಯ ಟೆಂಡನ್, ಅಲ್ಲಿ ಹರಿದಿರುತ್ತದೆ. ಡಾಕ್ಟರು ಬೋರಲು ಮಲಗಿಸಿ ಮೀನಖಂಡ ಹಿಂಡಿ ನೋಡುತ್ತಾರೆ. ಪಾದ ಅಲುಗಾಡದಿದ್ದರೆ ಪೂರ್ತಿ ಹರಿದಿದೆ ಎಂದೇ ತಿಳಿಯಬೇಕು. ಇದಕ್ಕೆ ಹೆಚ್ಚಾಗಿ ಸಿಕ್ಕಿಬೀಳುವವರು ಮೂವತ್ತರಿಂದ ಐವತ್ತರ ನಡುವಿನ ಗಂಡಸರು. ಅದರಲ್ಲೂ ವಾರವೆಲ್ಲ ಕುರ್ಚಿಯಲ್ಲಿ ಕೂತು ಭಾನುವಾರ ಸಿಂಹವಾಗುವವರು.

ಆಮೇಲೆ ನಾಲ್ಕೂ ಕಡೆಯಿಂದ ಒಂದೇ ಮಾತು ಬರುತ್ತದೆ: "ವಯಸ್ಸಾಯ್ತಲ್ಲ ಸಾರ್, ಆಟ ಸಾಕು, ಇನ್ನು ರೆಸ್ಟ್ ತಗೊಳ್ಳಿ." ಹೇಳುವವರಲ್ಲಿ ಡಾಕ್ಟರಿರುತ್ತಾರೆ, ಹೆಂಡತಿ ಇರುತ್ತಾಳೆ, ಷಡ್ಡಕ ಇರುತ್ತಾನೆ, ಕೋರ್ಟಿನ ಬಾಗಿಲಲ್ಲಿ ಕಾಫಿ ಮಾರುವವನೂ ಇರುತ್ತಾನೆ. ಅರವತ್ತಕ್ಕೆ ಅರಳುಮರಳು ಎನ್ನುತ್ತಿದ್ದ ಜನ ಈಗ ಅದನ್ನು ನಲವತ್ತೈದಕ್ಕೇ ಇಳಿಸಿಕೊಂಡಿದ್ದಾರೆ. ಮಾತಿನ ಹಿಂದೆ ಪ್ರೀತಿಯಿದೆ, ಅನುಮಾನ ಬೇಡ. ಆದರೆ ಆ ಪ್ರೀತಿಯ ಸಲಹೆ ಎಷ್ಟೋ ಸಲ ಏಟಿಗಿಂತ ಹೆಚ್ಚು ಕೆಡುಕು ಮಾಡುತ್ತದೆ ಎಂಬುದು ನನ್ನ ವಾದ. ಐವತ್ತರ ಆಟಗಾರನನ್ನು ಮೈದಾನದಿಂದ ಆಚೆ ತಳ್ಳುವುದು ಬಹುಮಟ್ಟಿಗೆ ಗಾಯದ ನೆಪದಲ್ಲಿ ಬರುವ ಮೂರು ತಿಂಗಳ ರಜೆ, ಮತ್ತು ಆ ರಜೆ ಮುಗಿಯುತ್ತಲೇ ಹಳೆಯ ಲೆಕ್ಕದಲ್ಲೇ ಆಟಕ್ಕಿಳಿಯುವ ಆತುರ. ನಿಂತು ಮತ್ತೆ ಶುರುಮಾಡುವುದು ಇಪ್ಪತ್ತರಲ್ಲಿ ಅಗ್ಗ, ಐವತ್ತರಲ್ಲಿ ದುಬಾರಿ, ಎಪ್ಪತ್ತೈದರಲ್ಲಿ ಕೈಗೇ ಎಟುಕದ ಬೆಲೆ. ಹಾಗಾಗಿ ವಯಸ್ಸಾಗುತ್ತಿರುವ ಆಟಗಾರ ಮೊದಲು ಕಲಿಯಬೇಕಾದ ವಿದ್ಯೆ, ಏನೇ ಆದರೂ ಸೊನ್ನೆಗೆ ಇಳಿಯದಿರುವುದು. ಕಾಲು ಕೆಟ್ಟರೆ ಕೈಗೆ ಕೆಲಸ ಕೊಡಬಹುದು, ಓಟ ಆಗದಿದ್ದರೆ ಸೈಕಲ್ ತುಳಿಯಬಹುದು, ಕೆಟ್ಟ ಕಾಲಿಗೇ ಅದು ತಡೆಯುವಷ್ಟು ಭಾರ ಹಾಕಬಹುದು. ಏನೂ ಮಾಡದೆ ಕೂರುವುದು ಮಾತ್ರ ಕಟ್ಟಕಡೆಯ ಉಪಾಯ.

ಇದಕ್ಕೆ ಆಧಾರ ಹುಡುಕುತ್ತಾ ಹೋದರೆ ಮೊದಲು ಸಿಗುವುದು ಡಲ್ಲಾಸ್. 1966ರಲ್ಲಿ ಅಲ್ಲಿ ಇಪ್ಪತ್ತರ ಹರೆಯದ ಐವರು ಹುಡುಗರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿದರು. ಎಬ್ಬಿಸಿ ಅಳೆದಾಗ, ಮೈ ಪೂರಾ ದುಡಿಯುವಾಗ ಬಳಸಿಕೊಳ್ಳಬಲ್ಲ ಆಮ್ಲಜನಕದ ಪ್ರಮಾಣ ಕಾಲು ಭಾಗದಷ್ಟು ಕುಸಿದಿತ್ತು. ಓಟಗಾರರು ವಿಒ2 ಮ್ಯಾಕ್ಸ್ ಎಂದು ದಿನಾ ಕೈಗಡಿಯಾರದಲ್ಲಿ ನೋಡಿಕೊಂಡು ಕೊರಗುವುದು ಇದನ್ನೇ. ಮೂವತ್ತು ವರ್ಷ ಬಿಟ್ಟು 1996ರಲ್ಲಿ ಅದೇ ಐವರನ್ನು ಮತ್ತೆ ಕರೆಸಿದರು. ಐವರಿಗೂ ಐವತ್ತು ಆಗಿತ್ತು, ಮೈಯಲ್ಲಿ ಕೊಬ್ಬು ಇಮ್ಮಡಿಯಾಗಿತ್ತು. ಅಷ್ಟಾದರೂ ಇಪ್ಪತ್ತರಲ್ಲಿ ಇದ್ದುದಕ್ಕಿಂತ ಅವರ ಸಾಮರ್ಥ್ಯ ಇಳಿದಿದ್ದು ಶೇಕಡಾ 12ರ ಆಸುಪಾಸು ಮಾತ್ರ. ಮೂವತ್ತು ವರ್ಷದ ಆಯಸ್ಸು ಕೆಡಿಸಿದ್ದಕ್ಕಿಂತ ಹೆಚ್ಚನ್ನು ಮೂರು ವಾರದ ಹಾಸಿಗೆ ಕೆಡಿಸಿತ್ತು! ಐದೇ ಜನರ ಮೇಲೆ ನಡೆದ ಪ್ರಯೋಗ, ಅದನ್ನು ಹಿಡಿದುಕೊಂಡು ಲೋಕಕ್ಕೆಲ್ಲ ಕಾನೂನು ಬರೆಯಲಾಗದು ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪುತ್ತೇನೆ. ಆದರೆ ಅದೇ ಐವರನ್ನು ಅಷ್ಟು ವರ್ಷ ಕಳೆದ ಮೇಲೆ ಮತ್ತೆ ಅಳೆದ ಇಂಥ ಪ್ರಯೋಗ ಅಪರೂಪ. ಹಾಸಿಗೆ ಹಿಡಿದರೆ ಕಸುವು ಇಳಿಯುತ್ತದೆ ಎಂಬುದನ್ನಂತೂ ಆಮೇಲೆ ಬಂದ ಎಷ್ಟೋ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಆ ಕಥೆಯಲ್ಲಿ ಜನ ಅಷ್ಟಾಗಿ ಗಮನಿಸದ ಭಾಗ ಇನ್ನೊಂದಿದೆ, ನನ್ನ ವಾದಕ್ಕೆ ಬೇಕಾದದ್ದು ಅದೇ. ಇಪ್ಪತ್ತರಲ್ಲಿ ಹಾಸಿಗೆಯಿಂದ ಎದ್ದ ಹುಡುಗರು ಎರಡು ತಿಂಗಳೊಳಗಿನ ತಾಲೀಮಿನಲ್ಲಿ ಕಳೆದುಕೊಂಡದ್ದನ್ನೆಲ್ಲ ವಾಪಸು ಪಡೆದು ಇನ್ನೂ ಮೇಲಕ್ಕೆ ಹೋಗಿದ್ದರು. ಐವತ್ತರಲ್ಲಿ ಅದೇ ಐವರು ಇಪ್ಪತ್ತರ ಮಟ್ಟಕ್ಕೆ ಮರಳಲು ಆರು ತಿಂಗಳು ಹಿಡಿಯಿತು. ಎರಡು ಸಲದ ತಾಲೀಮೂ ಒಂದೇ ರೀತಿಯದಲ್ಲ, ಎರಡನೆಯದು ನಿಧಾನದ್ದು; ಆದ್ದರಿಂದ ತಿಂಗಳಿಗೆ ತಿಂಗಳು ತೂಗಿ ನೋಡುವುದು ಪೂರ್ತಿ ನ್ಯಾಯವಲ್ಲ. ಆದರೆ ಕೋಪನ್‌ಹೇಗನ್‌ನಲ್ಲಿ ನಡೆದ ಇನ್ನೊಂದು ಪರೀಕ್ಷೆ ಅದೇ ದಿಕ್ಕಿಗೆ ಬೆರಳು ತೋರಿಸುತ್ತದೆ. ಅಲ್ಲಿ ಯುವಕರಿಗೂ ವಯಸ್ಸಾದವರಿಗೂ ಒಂದು ಕಾಲಿಗೆ ಎರಡು ವಾರ ಪ್ಲಾಸ್ಟರ್ ಹಾಕಿ, ಬಿಚ್ಚಿದ ಮೇಲೆ ನಾಲ್ಕು ವಾರ ಭಾರದ ವ್ಯಾಯಾಮ ಮಾಡಿಸಿದರು. ಯುವಕರ ತೊಡೆ ಮತ್ತೆ ತುಂಬಿಕೊಂಡಿತು, ಹಿರಿಯರದು ಅಷ್ಟು ತುಂಬಲಿಲ್ಲ. ಕಳೆದುಕೊಳ್ಳುವುದರಲ್ಲಿ ಹಿರಿಯರೇನೂ ಮುಂದಿರಲಿಲ್ಲ, ಗಳಿಸಿಕೊಳ್ಳುವುದರಲ್ಲಿ ಹಿಂದೆ ಬಿದ್ದರು. ಐವತ್ತೈದರವರು ಒಂದು ಸಣ್ಣ ಉಳುಕಿಗೆ ಆರು ವಾರ ಸೋಫಾ ಹಿಡಿದರೆ, ಆರು ವಾರ ಕಳೆದ ಮೇಲೆ ಉಳುಕು ಹೋಗಿರುತ್ತದೆ, ಅದರ ಜೊತೆ ತೊಡೆಯೂ ಹೋಗಿರುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ನಮ್ಮ ಹಿರಿಯರು ದುಡ್ಡಿನ ವಿಷಯಕ್ಕೆ ಹೇಳಿದ್ದು. ಮಾಂಸಖಂಡದ ವಿಷಯಕ್ಕೂ ಅದು ಹಾಗೇ ಸಲ್ಲುತ್ತದೆ.

ಮಾಂಸಖಂಡದ ಕಥೆ ಹೀಗಾದರೆ ಟೆಂಡನ್ನಿನದು ಬೇರೆಯೇ. ಕಳೆದ ಶತಮಾನದ ಐವತ್ತು-ಅರವತ್ತರ ದಶಕದಲ್ಲಿ ದೊಡ್ಡ ದೇಶಗಳು ಪೈಪೋಟಿಗೆ ಬಿದ್ದು ಬಯಲಿನಲ್ಲೇ ಅಣುಬಾಂಬ್ ಸಿಡಿಸಿದಾಗ ಗಾಳಿಯಲ್ಲಿ ಕಾರ್ಬನ್-14ರ ಪ್ರಮಾಣ ಏರಿತು. 1963ರ ಸುಮಾರಿಗೆ ತುದಿ ಮುಟ್ಟಿ ಅಲ್ಲಿಂದ ವರ್ಷವರ್ಷವೂ ಇಳಿಯುತ್ತ ಬಂತು. ಗಾಳಿಯ ಕಾರ್ಬನ್ ಬೆಳೆಗೆ ಹೋಗಿ, ಬೆಳೆಯಿಂದ ನಮ್ಮ ಮೈಗೆ ಬರುತ್ತದೆ. ಹೀಗಾಗಿ ದೇಹದ ಒಂದು ಭಾಗ ಯಾವ ಕಾಲದಲ್ಲಿ ಕಟ್ಟಿದ್ದು ಎಂದು ಅದರೊಳಗಿನ ಕಾರ್ಬನ್-14 ನೋಡಿ ಹೇಳಬಹುದು. ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಈ ಉಪಾಯದಿಂದ ಅಕಿಲಿಸ್ ಟೆಂಡನ್ ಪರೀಕ್ಷಿಸಿದರು. ಅದರ ತಿರುಳು ಹದಿನೇಳರ ಹೊತ್ತಿಗೆ ಕಟ್ಟಿ ಮುಗಿದಿರುತ್ತದೆ, ಆಮೇಲೆ ಹೆಚ್ಚುಕಡಿಮೆ ಹೊಸದಾಗುವುದೇ ಇಲ್ಲ ಎಂದು ತಿಳಿದುಬಂತು. ಮಾಂಸಖಂಡ ಹಾಗಲ್ಲ, ಬದುಕಿರುವಷ್ಟು ಕಾಲವೂ ಹೊಸದಾಗುತ್ತಿರುತ್ತದೆ. ಅಣುಬಾಂಬಿನಿಂದ ಲೋಕಕ್ಕೆ ಆದ ಉಪಕಾರ ಬೆರಳೆಣಿಕೆಯಷ್ಟು. ಓಟಗಾರನ ಹಿಮ್ಮಡಿಯ ವಯಸ್ಸು ಗೊತ್ತಾದದ್ದನ್ನು ಅದರಲ್ಲಿ ಸೇರಿಸಬೇಕು. ಐವತ್ತರವನು ನಿಂತಿರುವುದು ಪಿಯುಸಿ ಓದುವಾಗ ಕಟ್ಟಿದ ಟೆಂಡನ್ನಿನ ಮೇಲೆ! ರಜೆ ಮುಗಿಸಿ ಬಂದವರು ಏಕೆ ಮತ್ತೆ ಮತ್ತೆ ಗಾಯಗೊಳ್ಳುತ್ತಾರೆ ಎಂಬುದು ಇಲ್ಲಿ ಅರ್ಥವಾಗುತ್ತದೆ. ತಾಲೀಮು ಶುರುವಾದ ಕೆಲವೇ ವಾರಗಳಲ್ಲಿ ಉಸಿರು ಹಿಡಿತಕ್ಕೆ ಬರುತ್ತದೆ, ಮಾಂಸಖಂಡ ಬಿಗಿಯಾಗುತ್ತದೆ. ಟೆಂಡನ್ ಒಗ್ಗಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಐದನೆಯ ವಾರಕ್ಕೆ 'ಈಗ ಹಳೇ ಫಾರ್ಮ್ ಬಂತು' ಎಂದು ಕೂಗುವುದು ಎದೆ ಮತ್ತು ತೊಡೆ. ಹಿಮ್ಮಡಿಯನ್ನು ಯಾರೂ ಕೇಳಿರುವುದಿಲ್ಲ.

ಹಾಗಾದರೆ ಹೊಸದಾಗದ ಟೆಂಡನ್ನಿಗೆ ವಿಶ್ರಾಂತಿ ಕೊಡುವುದೇ ಸರಿಯಲ್ಲವೇ ಎನ್ನಿಸಬಹುದು. ಭಾರ ಹಾಕಿದರೆ ಅದು ಹರಿದೇಹೋಗುತ್ತದೆ ಎಂದು ಹೋಕನ್ ಅಲ್ಫ್ರೆಡ್ಸನ್ ಎಂಬ ಸ್ವೀಡನ್ನಿನ ಮೂಳೆ ಡಾಕ್ಟರಿಗೂ ಅನ್ನಿಸಿತ್ತು. ಅವರಿಗೇ ಹಿಮ್ಮಡಿ ನೋವು ಹತ್ತಿಕೊಂಡಿತು. ಆಪರೇಷನ್ ಮಾಡಿ ಎಂದರೆ ಮೇಲಧಿಕಾರಿ ಒಪ್ಪಲಿಲ್ಲ. ಹರಿದಿಲ್ಲವಲ್ಲ, ಏಕೆ ಕೊಯ್ಯಬೇಕು ಎಂದರಂತೆ. ಹರಿದರೆ ತಾನೇ ಕೊಯ್ಯುವುದು, ಹರಿದೇ ಬಿಡೋಣ ಎಂದು ಇವರು ನೋಯುವ ಕಾಲಿನ ಮೇಲೇ ಬೇಕೆಂದು ಭಾರ ಹೇರಿದರು. ಹರಿಯಲಿಲ್ಲ, ಕೆಲವು ವಾರಗಳಲ್ಲಿ ನೋವೇ ಮಾಯವಾಯಿತು. ಅದನ್ನೇ ಕ್ರಮವಾಗಿ 15 ಜನ ಓಟಗಾರರ ಮೇಲೆ ಮಾಡಿನೋಡಿ 1998ರಲ್ಲಿ ಪ್ರಕಟಿಸಿದರು. ಅವರ ಸರಾಸರಿ ವಯಸ್ಸು ನಲವತ್ತು ದಾಟಿತ್ತು, ಎಲ್ಲರದೂ ಹಳೆಯ ನೋವು. 12 ವಾರಗಳ ಬಳಿಕ ಹದಿನೈದು ಜನವೂ ಓಟಕ್ಕೆ ಮರಳಿದರು. ಮಾಮೂಲಿ ಚಿಕಿತ್ಸೆ ಪಡೆದ ಇನ್ನೊಂದು ಗುಂಪಿನವರು ಕಡೆಗೆ ಆಪರೇಷನ್ನಿಗೇ ಹೋಗಬೇಕಾಯಿತು.

ಆ ವ್ಯಾಯಾಮಕ್ಕೆ ಬೇಕಾದದ್ದು ಮನೆಯ ಮೆಟ್ಟಿಲು ಒಂದೇ. ಮೆಟ್ಟಿಲಿನ ಅಂಚಿನಲ್ಲಿ ಕಾಲ್ಬೆರಳ ಬುಡವನ್ನಷ್ಟೇ ಊರಿ, ಹಿಮ್ಮಡಿಯನ್ನು ಗಾಳಿಯಲ್ಲಿ ಬಿಟ್ಟು, ಕಂಬಿ ಹಿಡಿದು ನಿಲ್ಲಬೇಕು. ಚೆನ್ನಾಗಿರುವ ಕಾಲಿನ ಬಲದಿಂದ ತುದಿಗಾಲಿಗೆ ಏರಿ, ಮೈಭಾರವನ್ನೆಲ್ಲ ಕೆಟ್ಟ ಕಾಲಿಗೆ ದಾಟಿಸಿ, ಹಿಮ್ಮಡಿ ಮೆಟ್ಟಿಲಿಗಿಂತ ಕೆಳಗೆ ಹೋಗುವವರೆಗೆ ನಿಧಾನವಾಗಿ ಇಳಿಯಬೇಕು. ಏರಲು ಮತ್ತೆ ಒಳ್ಳೆಯ ಕಾಲು. ಮಂಡಿ ನೇರವಿಟ್ಟು 15ರಂತೆ ಮೂರು ಸುತ್ತು, ಕೊಂಚ ಮಡಿಸಿ ಇನ್ನು ಮೂರು ಸುತ್ತು. ಬೆಳಗ್ಗೆ ಅಷ್ಟು, ಸಂಜೆ ಅಷ್ಟು, ದಿನಕ್ಕೆ 180. ನೋವು ಕಡಿಮೆಯಾದರೆ ಬೆನ್ನಿಗೆ ಚೀಲ ಹಾಕಿ ಭಾರ ಸೇರಿಸಬೇಕು. ಆಮೇಲಿನ ಅಧ್ಯಯನಗಳಲ್ಲಿ ಫಲಿತಾಂಶ ಇಷ್ಟು ನೂರಕ್ಕೆ ನೂರು ಬರಲಿಲ್ಲ. ಇಷ್ಟು ಲೆಕ್ಕ ಬೇಕಿಲ್ಲ, ನಿಧಾನವಾಗಿ ಹೆಚ್ಚು ಭಾರ ಎತ್ತಿದರೂ ಸಾಕು ಎಂದು ಹೇಳುವವರಿದ್ದಾರೆ. ಆದರೆ ತಿರುಳು ಹಾಗೇ ಉಳಿಯಿತು: ನೋಯುವ ಟೆಂಡನ್ನಿಗೆ ಅಳತೆಯ ಭಾರವೇ ಮದ್ದು. ಹಾಳಾದ ಭಾಗ ಹೊಸದಾಗದಿದ್ದರೂ ಅದರ ಸುತ್ತ ಗಟ್ಟಿಯಾಗಿ ಉಳಿದ ಭಾಗ ಭಾರ ಹೊರುವುದನ್ನು ಕಲಿಯುತ್ತದೆ.

ನಮ್ಮಲ್ಲಿ ಇದು ಇನ್ನೂ ಇಳಿದಿಲ್ಲ. ಉಳುಕಿದರೆ ಮುಲಾಮು ತಿಕ್ಕಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ಫ್ರಿಜ್ಜಿನಿಂದ ಐಸ್ ತಂದಿಟ್ಟು, ಕಾಲು ದಿಂಬಿನ ಮೇಲೇರಿಸಿ ಮಲಗುವುದು. ಅದಕ್ಕೂ ಬಗ್ಗದಿದ್ದರೆ ಪುತ್ತೂರು ಕಟ್ಟಿನ ಬೋರ್ಡು ಹುಡುಕುವುದು. ವಿಶ್ರಾಂತಿ, ಐಸು, ಬಿಗಿ ಕಟ್ಟು, ಎತ್ತರದಲ್ಲಿ ಕಾಲು ಎಂಬ ಈ ನಾಲ್ಕನ್ನು ಸೇರಿಸಿ ಇಂಗ್ಲಿಷಿನಲ್ಲಿ 'ರೈಸ್' ಎಂದು ಹೆಸರಿಟ್ಟವರು ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್, 1978ರಲ್ಲಿ. ಅದೇ ಮಿರ್ಕಿನ್ 2014ರ ಹೊತ್ತಿಗೆ, ಐಸೂ ಪೂರ್ತಿ ವಿಶ್ರಾಂತಿಯೂ ವಾಸಿಯಾಗುವುದನ್ನು ತಡಮಾಡಬಹುದು ಎಂದು ಬರೆದರು. ಊತ ಮೈಗೆ ಬೇಡದ ಶತ್ರುವಲ್ಲ, ರಿಪೇರಿಗೆ ಬಂದವರ ಗಲಾಟೆ. ತಾನೇ ಹೆಸರಿಟ್ಟ ಪದ್ಧತಿಯನ್ನು ಮೂವತ್ತಾರು ವರ್ಷದ ಮೇಲೆ ತಿದ್ದುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಪದ್ಧತಿ ಮಾತ್ರ ನಮ್ಮೂರಿಗೆ ಬಂತು, ತಿದ್ದುಪಡಿ ಬರಲಿಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ನೋವು ಎಂದರೆ ದೇಹ ಕೊಡುವ ಎಚ್ಚರಿಕೆ, ಅದನ್ನು ತುಳಿದುಕೊಂಡು ಹೋಗಿ ಎನ್ನುವುದು ಮೂರ್ಖತನ ಎಂದು ಯಾರಾದರೂ ಹೇಳಿಯಾರು. ತುಳಿದುಕೊಂಡು ಹೋಗಿ ಎನ್ನುತ್ತಿಲ್ಲ, ಅಳೆಯಿರಿ ಎನ್ನುತ್ತಿದ್ದೇನೆ. ಸ್ವೀಡನ್ನಿನಲ್ಲೇ 2007ರಲ್ಲಿ ಹಿಮ್ಮಡಿ ನೋವಿನವರನ್ನು ಎರಡು ಗುಂಪು ಮಾಡಿ, ಇಬ್ಬರಿಗೂ ಒಂದೇ ವ್ಯಾಯಾಮ ಹೇಳಿಕೊಟ್ಟು, ಒಂದು ಗುಂಪಿಗೆ ಆರು ವಾರ ಓಟ-ಜಿಗಿತ ಬಂದ್ ಮಾಡಿಸಿದರು. ಇನ್ನೊಂದು ಗುಂಪಿಗೆ ಓಡಲು ಬಿಟ್ಟರು, ಆದರೆ ನಿಯಮ ಹಾಕಿದರು: ನೋವು ಹತ್ತಕ್ಕೆ ಐದನ್ನು ಮೀರಬಾರದು, ಮಾರನೆಯ ಬೆಳಗ್ಗೆಯ ಹೊತ್ತಿಗೆ ತಣ್ಣಗಾಗಿರಬೇಕು, ವಾರದಿಂದ ವಾರಕ್ಕೆ ಏರಬಾರದು. ಓಡಿದವರು ವಾಸಿಯಾಗುವುದರಲ್ಲಿ ಹಿಂದೆ ಬೀಳಲಿಲ್ಲ. ಹಾಸಿಗೆಯಿಂದ ಇಳಿದು ಬಚ್ಚಲಿಗೆ ನಡೆಯುವ ಮೊದಲ ಹತ್ತು ಹೆಜ್ಜೆ ಹೇಗಿದೆ ಎಂಬುದೇ ಅಂದಿನ ತಾಲೀಮಿನ ಚೀಟಿ. ಮಾಮೂಲಿಗಿಂತ ಹೆಚ್ಚು ಕುಂಟಿದರೆ ನಿನ್ನೆಯದು ಹೆಚ್ಚಾಯಿತು; ಇವತ್ತು ಕಡಿಮೆ ಮಾಡಬೇಕು. ಕಡಿಮೆ ಮಾಡುವುದು ಬೇರೆ, ನಿಲ್ಲಿಸಿಬಿಡುವುದು ಬೇರೆ.

ಹಾಗಾದರೆ ಸ್ಕ್ಯಾನ್ ಸುಳ್ಳು ಹೇಳುತ್ತದೆಯೇ ಎಂದು ಕೇಳುವವರ ಕೈಯಲ್ಲಿ ದಪ್ಪ ಲಕೋಟೆ ಇರುತ್ತದೆ. ಎಂಆರ್‌ಐ ವರದಿಯ ಭಾಷೆ ಎಂಥವರ ಜಂಘಾಬಲವನ್ನೂ ಉಡುಗಿಸುತ್ತದೆ: ಸವಕಳಿ, ಸೀಳು, ಕ್ಷೀಣತೆ. ಸ್ಕ್ಯಾನ್ ಸುಳ್ಳು ಹೇಳುವುದಿಲ್ಲ, ಅದಕ್ಕೆ ಕೇಳಿದ ಪ್ರಶ್ನೆ ತಪ್ಪು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ಎಕ್ಸ್‌ರೇಯಲ್ಲಿ ಮಂಡಿಸವೆತ ಕಾಣದ, ಐವತ್ತು ದಾಟಿದವರ ಮಂಡಿಗಳನ್ನು ಎಂಆರ್‌ಐ ಮಾಡಿ ನೋಡಿದಾಗ ಶೇಕಡಾ 89 ಜನರಲ್ಲಿ ಒಂದಲ್ಲ ಒಂದು ದೋಷ ಕಂಡಿತು. ಬೆನ್ನಿನ ಕಥೆಯೂ ಅಷ್ಟೇ, ನೋವೇ ಇಲ್ಲದ ಎಂಬತ್ತರವರಲ್ಲಿ ಶೇಕಡಾ 96 ಜನರ ಡಿಸ್ಕ್ ಸವೆದಿರುತ್ತದೆ. ತಲೆಗೂದಲು ನೆರೆತದ್ದನ್ನು ಯಾರೂ ರೋಗವೆಂದು ಬರೆದುಕೊಡುವುದಿಲ್ಲ. ಮಂಡಿಯೊಳಗಿನ ನರೆಯನ್ನು ಬರೆದುಕೊಡುತ್ತಾರೆ. ಫಿನ್‌ಲೆಂಡಿನಲ್ಲಿ 2013ರ ಹೊತ್ತಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಂಡಿಯೊಳಗಿನ ಮಿನಿಸ್ಕಸ್ ಸವೆದು ಹರಿದಿದ್ದ 146 ಜನರಲ್ಲಿ ಅರ್ಧದಷ್ಟು ಮಂದಿಗೆ ದುರ್ಬೀನು ತೂರಿಸಿ ಹರಿದ ಭಾಗ ಕತ್ತರಿಸಿದರು, ಉಳಿದವರಿಗೆ ಆಪರೇಷನ್ನಿನ ನಾಟಕವನ್ನಷ್ಟೇ ಆಡಿದರು. ವರ್ಷದ ಮೇಲೆ ನೋಡಿದರೆ ಇಬ್ಬರ ಸ್ಥಿತಿಯೂ ಒಂದೇ. ಎಲ್ಲ ಆಪರೇಷನ್ನೂ ಹೀಗೇ ಎನ್ನಲಾಗದು. ಅನಿಲ್ ಕುಂಬ್ಳೆ ಮೂವತ್ತರ ಹೊತ್ತಿಗೆ ಭುಜ ಕೊಯ್ಯಿಸಿಕೊಂಡರು. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಮೇಲೆ ಬಂದವು. ಯಾವುದನ್ನು ಕೊಯ್ಯಬೇಕು ಎಂಬುದನ್ನು ಸ್ಕ್ಯಾನ್ ಒಂದೇ ತೀರ್ಮಾನಿಸಬಾರದು, ಅಷ್ಟೇ.

ಓಡಿದರೆ ಮಂಡಿ ಸವೆಯುತ್ತದೆ ಎಂಬ ನಂಬಿಕೆಯಂತೂ ಹಸಿಗೋಡೆಗೆ ಹೊಡೆದ ಮೊಳೆಯ ಹಾಗೆ ಜನರ ಮನಸ್ಸಿನಲ್ಲಿ ನಾಟಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಬಂದ ಲೆಕ್ಕದ ಪ್ರಕಾರ ಸೊಂಟ-ಮಂಡಿಯ ಸಂಧಿವಾತ ಹವ್ಯಾಸಿ ಓಟಗಾರರಲ್ಲಿ ಶೇಕಡಾ 3.5, ಓಡದೆ ಕೂತವರಲ್ಲಿ 10.2, ಪೈಪೋಟಿಯ ವೃತ್ತಿ ಓಟಗಾರರಲ್ಲಿ 13.3. ಮಂಡಿ ಚೆನ್ನಾಗಿರುವವರೇ ಓಟ ಮುಂದುವರಿಸುತ್ತಾರೆ, ಹಾಳಾದವರು ಮೊದಲೇ ಬಿಟ್ಟಿರುತ್ತಾರೆ, ಅದರಿಂದ ಲೆಕ್ಕ ವಾಲಿರಬಹುದು ಎಂಬ ಅನುಮಾನ ನ್ಯಾಯವಾದದ್ದೇ. ಆದರೂ ಓಟವೇ ಮಂಡಿಯನ್ನು ತಿನ್ನುತ್ತಿದ್ದರೆ ಕೂತವರು ಓಡುವವರಿಗಿಂತ ಮೂರು ಪಾಲು ಹೆಚ್ಚು ನರಳುವುದಕ್ಕೆ ಕಾರಣ ಹೇಳುವುದು ಕಷ್ಟ.

ಒಪ್ಪಿಕೊಳ್ಳಲೇಬೇಕಾದ ಆಕ್ಷೇಪಗಳೂ ಇವೆ. ಮೂಳೆಯಲ್ಲಿ ಬಿರುಕು ಬಿಟ್ಟಿದ್ದರೆ ಅಳತೆಯ ಭಾರದ ಮಾತು ನಡೆಯುವುದಿಲ್ಲ, ನಿಲ್ಲಿಸಬೇಕು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಕಾರಣವಿಲ್ಲದೆ ಊದಿದ ಮೀನಖಂಡ, ಮೆಟ್ಟಿಲೇರುವಾಗ ಎದೆ ಹಿಂಡುವುದು, ಇವುಗಳ ಮುಂದೆ ಹತ್ತಕ್ಕೆ ಐದು ಎಂಬ ಲೆಕ್ಕ ಹಾಕುತ್ತ ಕೂರುವವನು ದಡ್ಡ. ಹೃದಯದ ವಿಷಯದಲ್ಲಿ ಹೆಚ್ಚು ಮಾಡಿದಷ್ಟೂ ಒಳ್ಳೆಯದು ಎಂಬ ಮಾತೂ ನಿಲ್ಲುವುದಿಲ್ಲ. ಸ್ವೀಡನ್ನಿನಲ್ಲಿ 90 ಕಿಲೋಮೀಟರ್ ಹಿಮದ ಮೇಲೆ ಜಾರುವ ವಾಸಲೋಪೆಟ್ ಎಂಬ ಸ್ಪರ್ಧೆಯಿದೆ. ಅದನ್ನು ಮುಗಿಸಿದ ಐವತ್ತು ಸಾವಿರಕ್ಕೂ ಹೆಚ್ಚು ಜನರ ದಾಖಲೆ ನೋಡಿದಾಗ, ಹೆಚ್ಚು ಸಲ ಮತ್ತು ಹೆಚ್ಚು ವೇಗವಾಗಿ ಮುಗಿಸಿದವರಲ್ಲಿ ಎದೆಬಡಿತದ ಲಯ ತಪ್ಪುವ ತೊಂದರೆ ಹೆಚ್ಚಾಗಿ ಕಂಡಿತು. ಆದರೆ ಇದು ಅತಿಗೆ ಬಿದ್ದವರ ಎಚ್ಚರಿಕೆ. ವಾರಕ್ಕೆ ನಾಲ್ಕು ದಿನ ಲಾಲ್‌ಬಾಗ್ ಸುತ್ತುವವರನ್ನು ಹೆದರಿಸಲು ಇದನ್ನು ಬಳಸಿದರೆ ಅನ್ಯಾಯ. ಇನ್ನು ಶಟಲ್ ಕೋರ್ಟಿನಲ್ಲಿ ಪಟ್ಟೆಂದು ಪೂರ್ತಿ ಹರಿದ ಟೆಂಡನ್? ಅಲ್ಲಿ ವಿಶ್ರಾಂತಿ ಬೇಕೇ ಬೇಕು. ಆದರೆ ಎಷ್ಟು? ಕೆನಡಾದಲ್ಲಿ 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 144 ಜನರಲ್ಲಿ ಅರ್ಧದಷ್ಟು ಮಂದಿಗೆ ಹೊಲಿಗೆ ಹಾಕಿ, ಉಳಿದವರಿಗೆ ಹಾಕದೆ ಬಿಟ್ಟು, ಎಲ್ಲರಿಗೂ ಬೂಟು ತೊಡಿಸಿ ಎರಡು ವಾರ ಕಳೆಯುತ್ತಲೇ ಸ್ವಲ್ಪಸ್ವಲ್ಪ ಭಾರ ಊರಲು ಹೇಳಿದರು. ಮತ್ತೆ ಹರಿಯುವ ಪ್ರಮಾಣದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತುಂಡಾದ ಟೆಂಡನ್ನಿಗೇ ಎರಡು ವಾರವಾದರೆ ಉಳುಕಿಗೆ ಮೂರು ತಿಂಗಳು ಯಾವ ನ್ಯಾಯ?

ಕೊಡಗಿನ ರೋಹನ್ ಬೋಪಣ್ಣ ಈ ವಾದಕ್ಕೆ ಒದಗಿಬರುವ ಉದಾಹರಣೆ. ಮಂಡಿಯ ಕಾರ್ಟಿಲೇಜ್ ಸವೆದುಹೋಗಿದೆ ಎಂದು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಆ ಮಂಡಿಯಲ್ಲೇ 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, ಡಬಲ್ಸ್‌ನಲ್ಲಿ ಮೊದಲ ಸಲ ನಂಬರ್ ಒನ್ ಪಟ್ಟಕ್ಕೇರಿದ ಅತಿ ಹಿರಿಯ ಆಟಗಾರರಾದರು. ಮಂಡಿಗೆ ಆಸರೆಯಾದದ್ದು ಅಯ್ಯಂಗಾರ್ ಯೋಗ ಎಂದು ಅವರು ಹೇಳುತ್ತಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಕಲಿತು, ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿ ಅದು. ಹಗ್ಗ, ಇಟ್ಟಿಗೆ, ಕುರ್ಚಿಗಳ ಆಸರೆಯಲ್ಲಿ ಒಂದೊಂದು ಭಂಗಿಯಲ್ಲೂ ನಿಮಿಷಗಟ್ಟಲೆ ನಿಲ್ಲಿಸುವ ಆ ಕ್ರಮದಲ್ಲಿ ಮಾಂಸಖಂಡ ದುಡಿಯುತ್ತದೆ, ಕೀಲಿಗೆ ಬಡಿತ ಬೀಳುವುದಿಲ್ಲ. ಡಬಲ್ಸ್ ತಾನೇ, ಅರ್ಧ ಕೋರ್ಟು ಓಡಿದರಾಯಿತು ಎಂದು ಮೂಗು ಮುರಿಯುವವರುಂಟು. ನನ್ನ ಮಾತೂ ಅದೇ. ಪೂರ್ತಿ ಕೋರ್ಟು ಬಿಟ್ಟು ಅರ್ಧ ಕೋರ್ಟನ್ನು ಉಳಿಸಿಕೊಂಡದ್ದರಿಂದಲೇ ಅವರ ಆಟ 2025ರವರೆಗೂ ನಡೆಯಿತು. ನಮ್ಮ ಗರಡಿಮನೆಗಳ ಹಳೆಯ ಪೈಲ್ವಾನರಲ್ಲಿ ಮಟ್ಟಿಗಿಳಿಯುವುದನ್ನು ಬಿಟ್ಟರೂ ದಂಡೆ-ಬಸ್ಕಿ ಬಿಡದೆ ಉಸ್ತಾದರಾಗಿ ಉಳಿದವರು ಹೀಗೇ ಮಾಡಿದರು. ಕಸರತ್ತು ಬಿಟ್ಟು ಬಾದಾಮಿ ಹಾಲನ್ನು ಮಾತ್ರ ಬಿಡದೆ ಹೋದವರ ಗತಿಯನ್ನು ವಿವರಿಸಬೇಕಿಲ್ಲ.

ಬೋಪಣ್ಣನವರಿಗೆ ಜೊತೆಯಲ್ಲೇ ಫಿಸಿಯೋ ಇದ್ದರು, ಹುಟ್ಟಿನಿಂದ ಬಂದ ಮೈಕಟ್ಟಿತ್ತು, ಅದನ್ನೆಲ್ಲ ಸಾಮಾನ್ಯರಿಗೆ ಹೇಳಿ ಏನು ಪ್ರಯೋಜನ ಎಂದರೆ, ಬಾಸ್ಟನ್ನಿನ ವೃದ್ಧಾಶ್ರಮವೊಂದಕ್ಕೆ ಹೋಗಬೇಕು. 1990ರಲ್ಲಿ ಮರಿಯಾ ಫಿಯಟರೋನ್ ಎಂಬ ವೈದ್ಯೆ ಅಲ್ಲಿದ್ದ, 86ರಿಂದ 96 ವರ್ಷದ ಹತ್ತು ಮಂದಿ ನಿತ್ರಾಣಿಗಳಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಉಪಚಾರಕ್ಕೆ ಕೊಟ್ಟ ಹಗುರ ಭಾರವಲ್ಲ, ಅವರು ಎತ್ತಬಲ್ಲ ಗರಿಷ್ಠದ ಮುಕ್ಕಾಲಿಗೂ ಮೀರಿದ್ದು. ಕಾಲಿನ ಕಸುವು ಸರಾಸರಿ ಶೇಕಡಾ 174 ಏರಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ಮುಟ್ಟು ನಿಂತು ಮೂಳೆ ಟೊಳ್ಳಾಗತೊಡಗಿದ ಹೆಂಗಸರಿಗೆ ನಮ್ಮಲ್ಲಿ ಸಿಗುವ ಸಲಹೆ ಭಾರ ಎತ್ತಬೇಡಿ ಎಂಬುದು. ಆಸ್ಟ್ರೇಲಿಯಾದಲ್ಲಿ ಅಂಥವರಿಗೇ ನುರಿತವರ ಕಣ್ಣೆದುರಿನಲ್ಲಿ ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ಎಂಟು ತಿಂಗಳು ಭಾರೀ ಬಾರ್‌ಬೆಲ್ ಎತ್ತಿಸಿದರು. ಬೆನ್ನುಮೂಳೆಯ ಸಾಂದ್ರತೆ ಹೆಚ್ಚಿತು. ಹಾಗಾಗಿ ಸೀರೆಯ ಮೇಲೆ ಸ್ವೆಟರ್ ಹಾಕಿ, ಕಾಲಿಗೆ ಬೂಟು ತೊಟ್ಟು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವವರಿಗೆ ನಮಸ್ಕಾರ ಹೇಳಿಯೂ ಒಂದು ಮಾತು ಸೇರಿಸಬೇಕು: ವಾಕಿಂಗ್ ಎದೆಗೆ ಒಳ್ಳೆಯದು, ತೊಡೆಗೂ ಮೂಳೆಗೂ ಅದೊಂದೇ ಸಾಲದು. ಊಟದ ವಿಷಯಕ್ಕೂ ಇದೇ ಲೆಕ್ಕ. ವಯಸ್ಸಾದಷ್ಟೂ ಮಾಂಸಖಂಡ ಪ್ರೋಟೀನನ್ನು ಮಂದವಾಗಿ ಬಳಸಿಕೊಳ್ಳುತ್ತದೆ. ಹಿರಿಯರು ದಿನಕ್ಕೆ ಮೈತೂಕದ ಕಿಲೋಗೆ ಒಂದರಿಂದ 1.2 ಗ್ರಾಂ ತಿನ್ನಬೇಕು ಎನ್ನುತ್ತಾರೆ ತಜ್ಞರು. ನಾವು ವಯಸ್ಸಾದವರಿಗೆ ರಾತ್ರಿ ಎರಡು ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ ಕೊಟ್ಟು ಮಲಗಿಸುತ್ತೇವೆ. ಹುರಳಿಕಾಳೂ ಮೊಟ್ಟೆಯೂ ಮನೆಯಲ್ಲೇ ಇರುತ್ತವೆ.

ಕೊನೆಗೆ ಉಳಿಯುವ ಆಕ್ಷೇಪ, ಇಷ್ಟೆಲ್ಲ ಮಾಡಿದರೂ ವಯಸ್ಸನ್ನು ನಿಲ್ಲಿಸಲು ಆಗುತ್ತದೆಯೇ ಎಂಬುದು. ಆಗುವುದಿಲ್ಲ. ಕೆನಡಾದ ಎಡ್ ವಿಟ್ಲಾಕ್ ಎಪ್ಪತ್ತು ದಾಟಿದ ಮೇಲೆ ಮೂರು ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದ ಮೊದಲಿಗರು. 73ರಲ್ಲಿ ಅವರ ಸಮಯ 2 ಗಂಟೆ 54 ನಿಮಿಷ 48 ಸೆಕೆಂಡು. ಮನೆ ಹತ್ತಿರದ ಸ್ಮಶಾನದೊಳಗಿನ ಹಾದಿಯಲ್ಲಿ ಸುತ್ತುಹಾಕುತ್ತ ದಿನಕ್ಕೆ ಮೂರು ಗಂಟೆ ತಾಲೀಮು ನಡೆಸಿದವರು. 2016ರಲ್ಲಿ 85 ತುಂಬಿದ್ದಾಗ ಅದೇ ದೂರಕ್ಕೆ 3 ಗಂಟೆ 56 ನಿಮಿಷ 34 ಸೆಕೆಂಡು ಹಿಡಿಯಿತು. ಹನ್ನೆರಡು ವರ್ಷದಲ್ಲಿ ಒಂದು ಗಂಟೆಗೂ ಮಿಕ್ಕಿ ನಿಧಾನ. ತಾಲೀಮಿನಲ್ಲಿ ಅವರಷ್ಟು ಪಟ್ಟು ಹಿಡಿದವರೂ ಇಳಿಜಾರನ್ನು ತಪ್ಪಿಸಿಕೊಳ್ಳಲಿಲ್ಲ. ಮುಂದಿನ ಮಾರ್ಚಿನಲ್ಲಿ ತೀರಿಕೊಂಡರು, ಕಡೆಯ ಓಟಕ್ಕೂ ಅದಕ್ಕೂ ನಡುವೆ ಇದ್ದದ್ದು ಐದೇ ತಿಂಗಳು. ಇಳಿಜಾರು ಇದ್ದೇ ಇದೆ, ಅದನ್ನು ಓಡುತ್ತ ಇಳಿಯಬಹುದು ಎಂಬುದನ್ನಷ್ಟೇ ಅವರ ಅಂಕಿಗಳು ತೋರಿಸುತ್ತವೆ. ಮಾಸ್ಟರ್ಸ್ ಕ್ರೀಡಾಕೂಟ ಮಾಡಿದವರಿಗೆ ಇದು ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಅಲ್ಲಿ 35ರಿಂದ ಶುರುವಾಗಿ ಐದೈದು ವರ್ಷಕ್ಕೊಂದು ಗುಂಪು. 59ರ ಓಟಗಾರ ತನ್ನ ಗುಂಪಿನಲ್ಲಿ ಎಲ್ಲರಿಗಿಂತ ಮುದುಕ, ಐವತ್ತೈದರ ಹುಡುಗರ ಹಿಂದೆ ಏದುಸಿರು ಬಿಡುತ್ತಿರುತ್ತಾನೆ. ಅಂಥವರು ಅರವತ್ತರ ಹುಟ್ಟುಹಬ್ಬಕ್ಕೆ ಕಾಯುವಷ್ಟು ಆಸೆಯಿಂದ ಬೇರೆ ಯಾರೂ ಕಾಯುವುದಿಲ್ಲ. ಅದು ಬಂದ ದಿನ ಅವರು ಮುಂದಿನ ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯರು.